ಬೋಗಿಯ ನಂಬರು, ಬಿಲ್ಲೆಯ ನಂಬರು

ನ್ಯೂಯಾರ್ಕಿನಲ್ಲಿ 100 ನಂಬರಿನ ರೈಲು ಬೋಗಿ ಯಾವುದು ಎಂದು ಅಲ್ಲಿನ ಹಳೆಯ ಸಿಬ್ಬಂದಿಯನ್ನು ಕೇಳಿದರೆ, ‘ಯಾವ ಕಾಲದ್ದು?’ ಎಂದು ಅವರೇ ಮರುಪ್ರಶ್ನೆ ಹಾಕಬೇಕಾಗುತ್ತದೆ. 1930ರಲ್ಲಿ ಆರ್1 ಎಂಬ ಮಾದರಿಯ ಬೋಗಿಗಳು ತಯಾರಾಗತೊಡಗಿದಾಗ ಮೊದಲನೆಯದಕ್ಕೆ 100 ಎಂದು ಬರೆದರು. ಅದು ಈಗ ಬ್ರೂಕ್ಲಿನ್‌ನಲ್ಲಿರುವ ಸಾರಿಗೆ ಮ್ಯೂಸಿಯಂನ ಸೊತ್ತು. ಆ ಮ್ಯೂಸಿಯಂ ಇರುವುದು ಕೋರ್ಟ್ ಸ್ಟ್ರೀಟ್ ಎಂಬ ನೆಲದಡಿಯ ನಿಲ್ದಾಣದಲ್ಲಿ. 1936ರಲ್ಲಿ ತೆರೆದ ಆ ನಿಲ್ದಾಣವನ್ನು ಜನವೇ ಬರುತ್ತಿಲ್ಲವೆಂದು 1946ರಲ್ಲಿ ಮುಚ್ಚಿದರು. 1976ರಲ್ಲಿ ಅದೇ ಮ್ಯೂಸಿಯಂ ಆಯಿತು. 1970ರ ದಶಕದ ಆರಂಭದಲ್ಲಿ ಆರ್44 ಎಂಬ ಮಾದರಿ ಬಂತು, ಅದರ ಎಣಿಕೆಯೂ ಶುರುವಾದದ್ದು 100ರಿಂದಲೇ. 2024ರ ಅಕ್ಟೋಬರಿನಲ್ಲಿ ಸ್ಟೇಟನ್ ಐಲ್ಯಾಂಡ್‌ನ ಹಳಿಗೆ ಇಳಿದ ಆರ್211ಎಸ್ ಬೋಗಿಗಳ ನಂಬರು 100ರಿಂದ 174. ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ಹಾಗೆ, ಒಂದೇ ನಂಬರು ಮೂರು ತಲೆಮಾರಿಗೆ ಬಂದಿದೆ.

ಹಾಗಾದರೆ ಬೋಗಿಯ ಮೇಲೆ ಬರೆದಿರುವ ಆ ಅಂಕಿಗಳು ಏನು? ಹೆಸರೇ, ವಿವರಣೆಯೇ, ಸರದಿಯೇ? ಮೂರೂ ಆಗಬಹುದು. ಒಂದೇ ನಂಬರಿನಿಂದ ಮೂರೂ ಕೆಲಸ ಮಾಡಿಸಲು ಹೋದಾಗಲೇ ತೊಂದರೆ ಶುರುವಾಗುವುದು.

ಮೊದಲು ನ್ಯೂಯಾರ್ಕಿನ ಲೆಕ್ಕವನ್ನೇ ನೋಡೋಣ. ಅಲ್ಲಿ ಬೋಗಿಯ ಮಾದರಿಗೆ ‘ಆರ್’ ಅಕ್ಷರದ ಮುಂದೆ ಖರೀದಿ ಗುತ್ತಿಗೆಯ ಸಂಖ್ಯೆ ಬರುತ್ತದೆ. ಬೋಗಿಯ ಸ್ವಂತ ನಂಬರಿಗೂ ಅದಕ್ಕೂ ಸಂಬಂಧವಿಲ್ಲ. ಆರ್1ರಿಂದ ಆರ್9ರವರೆಗಿನ ಮಾದರಿಗಳಲ್ಲಿ ಒಟ್ಟು 1,703 ಬೋಗಿಗಳಿದ್ದವು, 100ರಿಂದ 1802ರವರೆಗೆ ಒಂದನ್ನೂ ಬಿಡದೆ ನಂಬರು ಹಾಕಲಾಗಿತ್ತು. ಮುಂದೆ ಇಷ್ಟು ಅಚ್ಚುಕಟ್ಟು ಉಳಿಯಲಿಲ್ಲ. 1964ರಲ್ಲಿ ಬರತೊಡಗಿದ, ತುಕ್ಕು ಹಿಡಿಯದ ಉಕ್ಕಿನ ಹೊಳೆಯುವ ಆರ್32 ಬೋಗಿಗಳಿಗೆ 3350ರಿಂದ 3949. ಈ ಶತಮಾನದ ಆರ್143ಕ್ಕೆ 8101ರಿಂದ 8312. ಅದರ ಬೆನ್ನಿಗೇ ಬಂದ ಆರ್160ಕ್ಕೆ 8313ರಿಂದ 9974, ಅಂದರೆ 1,662 ಬೋಗಿಗಳು.

ಇಲ್ಲಿ ಕೊಂಚ ನಿಲ್ಲಬೇಕು. 9974 ಆದಮೇಲೆ ನಾಲ್ಕು ಅಂಕಿಯ ಅವಕಾಶದಲ್ಲಿ ಉಳಿಯುವುದು ಬರೀ 25 ನಂಬರುಗಳು. ಐದನೇ ಅಂಕಿ ಸೇರಿಸಿದರಾಯಿತಲ್ಲ ಎಂದು ಹೊರಗಿನಿಂದ ನೋಡುವವರಿಗೆ ಅನಿಸುತ್ತದೆ. ಆದರೆ ಡಿಪೊದ ದಾಖಲೆ, ಕಂಪ್ಯೂಟರಿನಲ್ಲಿ ನಂಬರಿಗೆಂದು ಬಿಟ್ಟ ಮನೆಗಳು, ರೇಡಿಯೊದಲ್ಲಿ ನಂಬರು ಹೇಳುವ ರೂಢಿ, ಬಿಡಿಭಾಗಗಳ ಪಟ್ಟಿ, ಎಲ್ಲವೂ ನಾಲ್ಕಂಕಿಗೆ ಹೊಂದಿಕೊಂಡಿರುತ್ತವೆ. ಹಳೆಯ ಬೋಗಿಗಳು ಹೋಗಿ ತೆರವಾದ ಜಾಗಕ್ಕೆ ಹೊಸಬರನ್ನು ಕೂರಿಸುವುದು ಅಗ್ಗ. ಆರ್160ರ ನಂತರ ಬಂದ ಆರ್179ಕ್ಕೆ 3010ರಿಂದ ನಂಬರು ಕೊಟ್ಟರು, ಆರ್211ಕ್ಕೆ ನಾಲ್ಕು ಸಾವಿರದ ಆಸುಪಾಸು. ಹಾಗಾಗಿ ದೊಡ್ಡ ನಂಬರಿನದು ಹೊಸ ಬೋಗಿ, ಚಿಕ್ಕ ನಂಬರಿನದು ಹಳೆಯದು ಎಂಬ ನಂಬಿಕೆ ಇಟ್ಟುಕೊಂಡವರು ಅಲ್ಲಿ ಮೋಸಹೋಗುತ್ತಾರೆ.

ಒಂದು ಸಣ್ಣ ಜಾಣತನ ಮಾತ್ರ ಆ ನಂಬರುಗಳಲ್ಲಿ ಉಳಿದಿದೆ. ಆರ್142ರಂಥ ಬೋಗಿಗಳನ್ನು ಐದೈದರ ಜೋಡಣೆಯಾಗಿ ಕಟ್ಟಿರುತ್ತಾರೆ: 6301ರಿಂದ 6305 ಒಂದು ಗುಂಪು, 6306ರಿಂದ 6310 ಇನ್ನೊಂದು. ಚಾಲಕನ ಕೋಣೆ ಇರುವುದು ಗುಂಪಿನ ಎರಡು ತುದಿಗಳಲ್ಲಿ. ಆದ್ದರಿಂದ ಕೊನೆಯ ಅಂಕಿ 1, 5, 6 ಅಥವಾ 0 ಆಗಿದ್ದರೆ ಅದು ಚಾಲಕನ ಕೋಣೆಯಿರುವ ಬೋಗಿ. ಯಾರೂ ಹೇಳಿಕೊಡದಿದ್ದರೂ ಕೆಲಸಗಾರರಿಗೆ ನಾಲ್ಕು ದಿನದಲ್ಲಿ ಇದು ಬಾಯಿಪಾಠವಾಗುತ್ತದೆ.

ನಂಬರಿನೊಳಗೆ ಇನ್ನೂ ಹೆಚ್ಚು ವಿಷಯ ತುಂಬಬೇಕೆಂದು ಹೊರಟವರು ಬಹಳ ಮಂದಿ. ನಮ್ಮ ರೈಲ್ವೆಯ ಪ್ರಯಾಣಿಕರ ಬೋಗಿಗಳ ಐದಂಕಿಯ ನಂಬರು ಇದಕ್ಕೆ ಚೆನ್ನಾದ ಉದಾಹರಣೆ. ಮೊದಲ ಎರಡು ಅಂಕಿ ಬೋಗಿ ತಯಾರಾದ ವರ್ಷ. ಉಳಿದ ಮೂರು ಅಂಕಿ ಬೋಗಿಯ ಬಗೆ: 001ರಿಂದ 025 ಎಂದರೆ ಏಸಿ ಮೊದಲ ದರ್ಜೆ, 051ರಿಂದ 100 ಏಸಿ ಟು-ಟಯರ್, 101ರಿಂದ 150 ಏಸಿ ತ್ರೀ-ಟಯರ್, 201ರಿಂದ 400 ಸ್ಲೀಪರ್, 401ರಿಂದ 600 ಜನರಲ್. ಗೋಡೆಯ ಮೇಲೆ 98337 ಎಂದು ಬರೆದಿದ್ದರೆ ಅದು 1998ರ ಸ್ಲೀಪರ್ ಬೋಗಿ. ನಂಬರಿನ ಹಿಂದೆ ಒಡೆತನದ ವಲಯದ ಅಕ್ಷರಗಳಿರುತ್ತವೆ. ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿಯಿರುವ ನೈಋತ್ಯ ರೈಲ್ವೆಗೂ ಬೇರೊಂದು ವಲಯಕ್ಕೂ ಒಂದೇ ನಂಬರಿನ ಬೋಗಿ ಇದ್ದರೆ ಗೊಂದಲವಾಗದಿರಲೆಂದು ಈ ಏರ್ಪಾಡು.

ಈ ಪದ್ಧತಿ ನನಗೆ ಇಷ್ಟ, ನಿಜ. ಪ್ಲಾಟ್‌ಫಾರಂ ಮೇಲೆ ನಿಂತ ಮಕ್ಕಳಿಗೂ ಓದಲು ಬರುತ್ತದೆ. ಆದರೆ ಇದರ ದೌರ್ಬಲ್ಯವೂ ಬೋಗಿಯ ಮೇಲೇ ಬರೆದಿದೆ. ಒಂದು ವಲಯಕ್ಕೆ ಒಂದು ವರ್ಷ ಇನ್ನೂರಕ್ಕಿಂತ ಹೆಚ್ಚು ಸ್ಲೀಪರ್ ಬೋಗಿ ಬಂದರೆ? ಹಿಂದೆ ಯಾರೂ ಕೇಳಿರದ ಹೊಸ ದರ್ಜೆಯೊಂದನ್ನು ಶುರುಮಾಡಿದರೆ? ಒಂದು ಬಗೆಯ ಬೋಗಿಯನ್ನು ಬಿಚ್ಚಿ ಇನ್ನೊಂದು ಬಗೆಗೆ ಮಾರ್ಪಡಿಸಿದರೆ? ಆಗ ನಂಬರನ್ನು ಬದಲಿಸಬೇಕು, ಇಲ್ಲವೇ ಅದು ಸುಳ್ಳು ಹೇಳುವುದನ್ನು ಸಹಿಸಿಕೊಳ್ಳಬೇಕು. ಇತ್ತೀಚಿನ ಬೋಗಿಗಳ ಮೇಲೆ ಆರಂಕಿಯ ನಂಬರು ಕಾಣಿಸಿಕೊಂಡಿರುವುದನ್ನು ಗಮನಿಸುವವರು ಗಮನಿಸಿರಬಹುದು.

ವರ್ಷಕ್ಕೆ ಎರಡೇ ಅಂಕಿ ಸಾಕೇ ಎಂಬ ಪ್ರಶ್ನೆ ಏಳಬಹುದು. ಪೆರಂಬೂರಿನ ಕಾರ್ಖಾನೆಯಿಂದ ಬರುತ್ತಿದ್ದ ಹಳೆಯ ಮಾದರಿಯ ಬೋಗಿಗೆ ನಿಗದಿಯಾದ ಆಯುಸ್ಸು 25 ವರ್ಷ. ನೂರು ವರ್ಷ ಬಾಳದ ವಸ್ತುವಿಗೆ ಎರಡಂಕಿಯ ವರ್ಷ ಸಾಲುತ್ತದೆ. ಆದರೆ ಇಟಲಿಯ ಮಿಲಾನ್ ನಗರದವರು ಹೀಗೆ ಹೇಳುವಂತಿಲ್ಲ. ಅವರ 1500 ಸರಣಿಯ ಟ್ರಾಮ್‌ಗಳು 1928ರ ಸುಮಾರಿಗೆ ಬೀದಿಗಿಳಿದವು; 1501ರಿಂದ 2002ರವರೆಗೆ 502 ಗಾಡಿಗಳು. ಅವುಗಳಲ್ಲಿ ಎಷ್ಟೋ ಇಂದಿಗೂ ದಿನನಿತ್ಯದ ಪ್ರಯಾಣಿಕರನ್ನು ಹೊತ್ತು ಓಡುತ್ತಿವೆ. ನಮ್ಮ ಪದ್ಧತಿಯಲ್ಲಿ ಅವಕ್ಕೆ 28 ಎಂದು ಬರೆದಿದ್ದರೆ, 2028ರಲ್ಲಿ ಬರುವ ಹೊಚ್ಚಹೊಸ ಟ್ರಾಮಿಗೂ ಅದೇ 28. ಮಿಲಾನಿನವರು ನಂಬರಿನೊಳಗೆ ಏನನ್ನೂ ತುಂಬಲಿಲ್ಲ, ಸುಮ್ಮನೆ ಎಣಿಸುತ್ತ ಹೋದರು. ಆ ಕಾರಣಕ್ಕೇ ಅವುಗಳಲ್ಲಿ ಕೆಲವು ಸಮುದ್ರ ದಾಟಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊಗೆ ಹೋದಾಗಲೂ ಹಳೆಯ ನಂಬರಿನಲ್ಲೇ ಓಡಲು ಅಡ್ಡಿಯಾಗಲಿಲ್ಲ.

ಜಪಾನಿನ ಕತೆ ಇನ್ನೂ ಸ್ವಾರಸ್ಯವಾದದ್ದು. ಅಲ್ಲಿ ಬೋಗಿಯ ನಂಬರಿಗೆ ಮೊದಲು ಕಟಕಾನ ಲಿಪಿಯ ಅಕ್ಷರಗಳಿರುತ್ತವೆ. ‘ಕು’ ಎಂದರೆ ಚಾಲಕನ ಕೋಣೆಯುಳ್ಳದ್ದು, ‘ಮೊ’ ಎಂದರೆ ಮೋಟಾರು ಇರುವುದು, ‘ಸಾ’ ಎಂದರೆ ಎರಡೂ ಇಲ್ಲದ ಬರೀ ಎಳೆಸಿಕೊಂಡು ಹೋಗುವ ಬೋಗಿ. ಅದರ ಪಕ್ಕದ ಅಕ್ಷರ ದರ್ಜೆಯದು. ಜಪಾನಿನ ಹಳೆಯ ಅಕ್ಷರಮಾಲೆ ಇ, ರೊ, ಹಾ ಎಂದು ಶುರುವಾಗುತ್ತದೆ; ಆ ಕ್ರಮದಲ್ಲೇ ಮೊದಲ ದರ್ಜೆಗೆ ಇ, ಎರಡನೆಯದಕ್ಕೆ ರೊ, ಮೂರನೆಯದಕ್ಕೆ ಹಾ. 1960ರಲ್ಲಿ ಮೂರು ದರ್ಜೆಗಳು ಎರಡಾದವು. 1969ರಲ್ಲಿ ದರ್ಜೆ ಎಂಬ ಲೆಕ್ಕವನ್ನೇ ಕೈಬಿಟ್ಟು, ಎಲ್ಲರಿಗೂ ಸಾಮಾನ್ಯ ಬೋಗಿ, ಹೆಚ್ಚು ಹಣ ಕೊಡುವವರಿಗೆ ‘ಗ್ರೀನ್ ಕಾರ್’ ಎಂದು ಮಾಡಿದರು. ಆದರೆ ಟೋಕಿಯೊದ ಸಾಮಾನ್ಯ ಬೋಗಿಗಳ ಮೇಲೆ ಇವತ್ತಿಗೂ ‘ಹಾ’ ಇದೆ. ಇಲ್ಲದ ಮೂರನೇ ದರ್ಜೆಯಲ್ಲಿ ಕೂತು ದಿನವೂ ಲಕ್ಷಾಂತರ ಜನ ಆಫೀಸಿಗೆ ಹೋಗುತ್ತಿದ್ದಾರೆ!

ಅರ್ಥ ತುಂಬಿದ ನಂಬರುಗಳು ಹೀಗೆ ಮುದಿಯಾಗುತ್ತವೆ. ಅರ್ಥವಿಲ್ಲದ ನಂಬರು ಮುದಿಯಾಗುವುದಿಲ್ಲ, ಆದರೆ ಅದಕ್ಕೆ ಬೇರೆಯದೇ ಕಾಯಿಲೆ. ಅದನ್ನು ತಪ್ಪಾಗಿ ಬರೆದುಕೊಂಡರೆ ಯಾರಿಗೂ ಗೊತ್ತಾಗುವುದಿಲ್ಲ. 4075 ಎಂದು ಬರೆಯುವ ಬದಲು 4057 ಎಂದು ಬರೆದರೆ, ನೋಡುವವರಿಗೆ ಅದೂ ಒಂದು ನಂಬರೇ. ಧೂಳು ಮೆತ್ತಿದ ಸರಕು ವ್ಯಾಗನ್ನಿನ ಪಕ್ಕ ಮಳೆಯಲ್ಲಿ ನಿಂತು ನಂಬರು ಬರೆದುಕೊಳ್ಳುವ ನೌಕರನಿಂದ ಈ ತಪ್ಪು ಆಗಿಯೇ ಆಗುತ್ತದೆ. ಆಗ ಮಂಗಳೂರಿಗೆ ಹೋಗಬೇಕಾದ ಗೊಬ್ಬರ ಕಾಗದದ ಮೇಲೆ ಮೊರದಾಬಾದಿನಲ್ಲಿರುತ್ತದೆ.

ಇದಕ್ಕೆ ಮದ್ದು ತಾಳೆ ಅಂಕಿ. ನಂಬರಿನ ಕೊನೆಯಲ್ಲಿ ಇನ್ನೊಂದು ಅಂಕಿಯನ್ನು ಸೇರಿಸುತ್ತಾರೆ. ಅದು ಉಳಿದೆಲ್ಲ ಅಂಕಿಗಳ ಲೆಕ್ಕದಿಂದ ಹುಟ್ಟುವಂಥದ್ದು. ಭಾರತೀಯ ರೈಲ್ವೆಯ ಸರಕು ವ್ಯಾಗನ್ನುಗಳ ನಂಬರಿನಲ್ಲಿ 11 ಅಂಕಿಗಳಿವೆ: ವ್ಯಾಗನ್ನಿನ ಬಗೆಗೆ ಎರಡು, ಒಡೆತನದ ರೈಲ್ವೆಗೆ ಎರಡು, ತಯಾರಾದ ವರ್ಷಕ್ಕೆ ಎರಡು, ಸ್ವಂತ ನಂಬರಿಗೆ ನಾಲ್ಕು, ಕೊನೆಯದು ತಾಳೆ ಅಂಕಿ. ಲೆಕ್ಕ ಹೀಗೆ. ಎಡದಿಂದ ಎರಡನೆಯ, ನಾಲ್ಕನೆಯ, ಆರನೆಯ, ಎಂಟನೆಯ, ಹತ್ತನೆಯ ಅಂಕಿಗಳನ್ನು ಕೂಡಿಸಿ ಮೂರರಿಂದ ಗುಣಿಸಿ. ಬೆಸ ಸ್ಥಾನದ ಅಂಕಿಗಳನ್ನು ಕೂಡಿಸಿ ಅದಕ್ಕೆ ಸೇರಿಸಿ. ಬಂದ ಮೊತ್ತ ಮುಂದಿನ ಹತ್ತರ ಗುಣಕವನ್ನು ಮುಟ್ಟಲು ಎಷ್ಟು ಕಡಿಮೆಯೋ ಅದೇ ತಾಳೆ ಅಂಕಿ.

ಉದಾಹರಣೆಗೆಂದು ನಾನೇ ಕಟ್ಟಿದ ಒಂದು ನಂಬರು: 31 02 14 4075. ಸರಿ ಸ್ಥಾನದವು 1, 2, 4, 0, 5. ಕೂಡಿದರೆ 12, ಮೂರರಿಂದ ಗುಣಿಸಿದರೆ 36. ಬೆಸ ಸ್ಥಾನದವು 3, 0, 1, 4, 7; ಕೂಡಿದರೆ 15. ಒಟ್ಟು 51. ಅರವತ್ತಕ್ಕೆ 9 ಕಡಿಮೆ. ಪೂರ್ತಿ ನಂಬರು 31021440759. ಈಗ ನಮ್ಮ ನೌಕರ 75ರ ಬದಲು 57 ಎಂದು ಬರೆದ ಎನ್ನಿ. ಲೆಕ್ಕ ಮಾಡಿದರೆ ತಾಳೆ ಅಂಕಿ 5 ಬರುತ್ತದೆ, ಆದರೆ ಅವನು ಬರೆದುಕೊಂಡಿರುವುದು 9. ಕಂಪ್ಯೂಟರು ಒಪ್ಪುವುದಿಲ್ಲ, ಹೋಗಿ ಮತ್ತೆ ನೋಡಿಕೊಂಡು ಬಾ ಎನ್ನುತ್ತದೆ.

ಯಾವುದೇ ಒಂದು ಅಂಕಿ ತಪ್ಪಿದರೂ ಈ ಲೆಕ್ಕ ಹಿಡಿಯುತ್ತದೆ. ಅಕ್ಕಪಕ್ಕದ ಅಂಕಿಗಳು ಅದಲುಬದಲಾದರೆ ಮಾತ್ರ ಒಂದು ಕಿಂಡಿ ಇದೆ. ಆ ಎರಡು ಅಂಕಿಗಳ ನಡುವಿನ ವ್ಯತ್ಯಾಸ ಸರಿಯಾಗಿ ಐದಾಗಿದ್ದರೆ ತಪ್ಪು ನುಸುಳಿಬಿಡುತ್ತದೆ. 72ನ್ನು 27 ಎಂದು ಬರೆದರೆ ಮೊತ್ತ ಹತ್ತರಷ್ಟು ಆಚೀಚೆ ಆಗುತ್ತದೆ. ಕೊನೆಯ ಅಂಕಿ ಅಲ್ಲಾಡುವುದಿಲ್ಲ. ಹೀಗೆ ತಪ್ಪಿಸಿಕೊಳ್ಳುವ ಜೋಡಿಗಳು ಒಂಬತ್ತರಲ್ಲಿ ಒಂದು. ಯುರೋಪಿನ ರೈಲು ವಾಹನಗಳ 12 ಅಂಕಿಯ ನಂಬರಿನಲ್ಲಿ ಬಳಸುವುದು ಇನ್ನೊಂದು ವಿಧಾನ. ಐಬಿಎಂ ಕಂಪನಿಯಲ್ಲಿದ್ದ ಹಾನ್ಸ್ ಪೀಟರ್ ಲೂನ್ 1954ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ್ದ ಲೆಕ್ಕ ಅದು. ನಿಮ್ಮ ಜೇಬಿನಲ್ಲಿರುವ ಕ್ರೆಡಿಟ್ ಕಾರ್ಡಿನ ನಂಬರಿಗೂ ಅದೇ. ಅದರಲ್ಲಿ ತಪ್ಪಿಸಿಕೊಳ್ಳುವುದು 09 ಮತ್ತು 90 ಅದಲುಬದಲಾದಾಗ ಮಾತ್ರ, ಅಂದರೆ ನಲವತ್ತೈದರಲ್ಲಿ ಒಂದು. ಡಚ್ ಗಣಿತಜ್ಞ ಯಾಕೊಬಸ್ ಫರ್ಹೂಫ್ 1969ರಲ್ಲಿ ಈ ಕಿಂಡಿಯನ್ನೂ ಮುಚ್ಚಿದರು. ಅವರ ವಿಧಾನದಲ್ಲಿ ಅಕ್ಕಪಕ್ಕದ ಯಾವ ಅದಲುಬದಲೂ ತಪ್ಪಿಸಿಕೊಳ್ಳದು. ನಮ್ಮ ಆಧಾರ್ ನಂಬರಿನ ಹನ್ನೆರಡನೆಯ ಅಂಕಿ ಹುಟ್ಟುವುದು ಅವರ ಲೆಕ್ಕದಿಂದ. ಉಳಿದ ಹನ್ನೊಂದು ಅಂಕಿಗಳಲ್ಲಿ ಊರು, ವಯಸ್ಸು, ಜಾತಿ ಯಾವುದೂ ಇಲ್ಲ. ಬೇಕೆಂದೇ ಅರ್ಥ ಬಿಟ್ಟ ನಂಬರು ಅದು. ಈ ಒಂದು ವಿಷಯದಲ್ಲಿ ಅದನ್ನು ರೂಪಿಸಿದವರ ತಲೆಯನ್ನು ಮೆಚ್ಚಲೇಬೇಕು.

ಸುಮ್ಮನೆ ಒಂದರ ಹಿಂದೊಂದು ಎಣಿಸಿದ ನಂಬರಿಗೆ ಇನ್ನೊಂದು ಗುಣವಿದೆ. ಅದು ಗುಟ್ಟು ಬಿಟ್ಟುಕೊಡುತ್ತದೆ. ಎರಡನೇ ಮಹಾಯುದ್ಧದಲ್ಲಿ ಜರ್ಮನಿ ತಿಂಗಳಿಗೆ ಎಷ್ಟು ಟ್ಯಾಂಕ್ ಮಾಡುತ್ತಿದೆ ಎಂದು ತಿಳಿಯಲು ಮಿತ್ರಪಕ್ಷಗಳು ಹೆಣಗುತ್ತಿದ್ದವು. ಗೂಢಚಾರರ ಅಂದಾಜಿನಂತೆ 1942ರ ಆಗಸ್ಟ್ ಹೊತ್ತಿಗೆ ತಿಂಗಳಿಗೆ 1,550. ವಶಕ್ಕೆ ಸಿಕ್ಕ ಟ್ಯಾಂಕ್‌ಗಳ ಬಿಡಿಭಾಗಗಳ ಮೇಲಿದ್ದ ಸರಣಿ ನಂಬರುಗಳನ್ನು ಹಿಡಿದು ಕೂತ ಸಂಖ್ಯಾಶಾಸ್ತ್ರಜ್ಞರು ಹೇಳಿದ್ದು 327. ಯುದ್ಧ ಮುಗಿದು ಜರ್ಮನಿಯ ಕಡತ ತೆರೆದಾಗ ಸಿಕ್ಕ ನಿಜವಾದ ಸಂಖ್ಯೆ 342.

ಇದರ ಹಿಂದಿನ ಯೋಚನೆ ಸರಳ. ನಂಬರುಗಳು 1ರಿಂದ ಶುರುವಾಗಿ ಎಡೆಬಿಡದೆ ಸಾಗುತ್ತವೆ ಎಂದಿಟ್ಟುಕೊಳ್ಳಿ. ನಿಮಗೆ ಕಂಡ ನಂಬರುಗಳ ನಡುವೆ ಸರಾಸರಿ ಎಷ್ಟು ಅಂತರವಿದೆಯೋ, ಕಂಡ ಅತಿದೊಡ್ಡ ನಂಬರಿನ ಆಚೆಗೂ ಸುಮಾರು ಅಷ್ಟೇ ಅಂತರ ಉಳಿದಿರಬೇಕು. ಸೂತ್ರ ಇಷ್ಟೇ: ಅತಿದೊಡ್ಡ ನಂಬರಿಗೆ, ಅದನ್ನು ಕಂಡ ವಸ್ತುಗಳ ಸಂಖ್ಯೆಯಿಂದ ಭಾಗಿಸಿ ಬಂದದ್ದನ್ನು ಸೇರಿಸಿ, ಒಂದು ಕಳೆಯಿರಿ. ನ್ಯೂಯಾರ್ಕಿನಲ್ಲಿ 8101ರಿಂದ ಶುರುವಾಗುವ ಆರ್143ರ ಐದು ಬೋಗಿಗಳು ಕಂಡವು, ಅವುಗಳಲ್ಲಿ ದೊಡ್ಡದು 8278 ಎನ್ನೋಣ. ಅದು 178ನೆಯ ಬೋಗಿ. 178ಕ್ಕೆ 178ರ ಐದನೇ ಒಂದು ಭಾಗ ಕೂಡಿಸಿ ಒಂದು ಕಳೆದರೆ 212.6. ನಿಜವಾಗಿ ಇರುವುದು 212. (ಉತ್ತರ ಚೆನ್ನಾಗಿ ಬರಲೆಂದು 8278ನ್ನು ನಾನೇ ಆರಿಸಿಕೊಂಡದ್ದು. ಎಲ್ಲ ಸಲವೂ ಇಷ್ಟು ಹತ್ತಿರ ಬರುವುದಿಲ್ಲ.)

ಆರ್46 ಬೋಗಿಗಳ ಮೇಲೆ ಇದೇ ಸೂತ್ರ ಪ್ರಯೋಗಿಸಿದರೆ ತಪ್ಪುತ್ತೀರಿ. 1970ರ ದಶಕದಲ್ಲಿ ಬಂದ ಅವುಗಳ ನಂಬರು ಮೊದಲು 500ರಿಂದ ಶುರುವಾಗಿತ್ತು. 1990ರ ಸುಮಾರಿಗೆ ಅವನ್ನೆಲ್ಲ ಬಿಚ್ಚಿ ರಿಪೇರಿ ಮಾಡಿ 5482ರಿಂದ ಮರುನಂಬರು ಹಾಕಿದರು. 6207ರವರೆಗೆ ಸಲೀಸಾಗಿ ಸಾಗುವ ಎಣಿಕೆ ಅಲ್ಲಿಂದ 6258ರವರೆಗೆ ಸರಿಸಂಖ್ಯೆಗಳಲ್ಲಿ ಮಾತ್ರ ಹೋಗುತ್ತದೆ. ತುದಿಯಿಂದ ತುದಿಗೆ ಎಣಿಸಿದರೆ 777 ಆಗಬೇಕು, ಬೋಗಿಗಳಿದ್ದದ್ದು 752. ಮೈಯೆಲ್ಲ ಹೊಸದಾಗಿ, ನಂಬರೂ ಹೊಸದಾದ ಬೋಗಿ ಹಳೆಯದೋ ಹೊಸದೋ ಎಂದು ತತ್ವಶಾಸ್ತ್ರದವರು ಚರ್ಚೆ ಮಾಡಲಿ. ಡಿಪೊದ ಗುಮಾಸ್ತನಿಗೆ ಬೇಕಾದದ್ದು ಹಳೆಯ ನಂಬರಿಗೂ ಹೊಸದಕ್ಕೂ ನಂಟು ತೋರಿಸುವ ಒಂದು ಪಟ್ಟಿ. ಅದು ಕಳೆದರೆ ಬೋಗಿಯ ಹಿಂದಿನ ಅಪಘಾತ, ರಿಪೇರಿ, ಬಿರುಕು ಎಲ್ಲವೂ ಕಳೆದಂತೆ.

ಇಷ್ಟು ಹೊತ್ತು ಮಾತಾಡಿದ ನಂಬರುಗಳನ್ನು ಕೂಡುವುದರಲ್ಲಿ, ಕಳೆಯುವುದರಲ್ಲಿ ಅರ್ಥವಿಲ್ಲ. 200 ನಂಬರಿನ ಬೋಗಿ 100 ನಂಬರಿನದಕ್ಕಿಂತ ಎರಡು ಪಟ್ಟು ಏನೂ ಅಲ್ಲ. ಹಾರ್ವರ್ಡ್‌ನ ಮನೋವಿಜ್ಞಾನಿ ಎಸ್. ಎಸ್. ಸ್ಟೀವನ್ಸ್ 1946ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ ಸಂಖ್ಯೆಗಳ ಬಳಕೆಯನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು. ಬರೀ ಗುರುತಿಗೆ ಹಚ್ಚುವ ನಂಬರು ಮೊದಲನೆಯದು. ಫುಟ್‌ಬಾಲ್ ಆಟಗಾರರ ಅಂಗಿಯ ನಂಬರು ಅವರೇ ಕೊಟ್ಟ ಉದಾಹರಣೆ. ಯಾರು ಮುಂದೆ, ಯಾರು ಹಿಂದೆ ಎಂಬ ಸರದಿಯನ್ನು ಹೇಳುವುದು ಎರಡನೆಯದು. ಉಳಿದೆರಡು ಉಷ್ಣಾಂಶ, ತೂಕದಂಥ ನಿಜವಾದ ಅಳತೆಗಳಿಗೆ ಸೇರಿದವು. ಅವು ನಮಗಿಲ್ಲಿ ಬೇಡ. ಬೋಗಿಯ ನಂಬರು ಮೊದಲ ಬಗೆಯದು. ಸಾರಿಗೆ ಸಂಸ್ಥೆಯಲ್ಲಿ ಕೆಲಸ ಮಾಡುವ ಮನುಷ್ಯರ ನಂಬರು ಮಾತ್ರ ಮೆಲ್ಲಗೆ ಎರಡನೇ ಬಗೆಗೆ ಜಾರುತ್ತದೆ.

ನಮ್ಮ ಸರ್ಕಾರಿ ಬಸ್ಸಿನ ಚಾಲಕರಿಗೂ ನಿರ್ವಾಹಕರಿಗೂ ಬಿಲ್ಲೆ ಸಂಖ್ಯೆ ಇರುತ್ತದೆ, ಕಚೇರಿಯಲ್ಲಿ ಜ್ಯೇಷ್ಠತಾ ಪಟ್ಟಿ ಇರುತ್ತದೆ. ಬಿಲ್ಲೆಯ ನಂಬರು ಗುರುತು, ಪಟ್ಟಿಯ ನಂಬರು ಸರದಿ. ಎರಡೂ ಬೇರೆ ಬೇರೆ. ಆದರೆ ನಂಬರನ್ನು ಸೇವೆಗೆ ಸೇರಿದ ಕ್ರಮದಲ್ಲಿ ಕೊಡುತ್ತ ಹೋದರೆ ಚಿಕ್ಕ ನಂಬರಿನವನು ಹಿರಿಯ ಎಂಬ ಮರ್ಯಾದೆ ತಾನಾಗಿ ಹುಟ್ಟುತ್ತದೆ. ಪಟ್ಟಿಯ ನಂಬರಿಗೆ ಇನ್ನೊಂದು ವಿಶೇಷವಿದೆ. ಬಿಲ್ಲೆಯದು ಬದಲಾಗದು, ಪಟ್ಟಿಯದು ಏನೂ ಮಾಡದೆ ಸುಧಾರಿಸುತ್ತದೆ. ಮುಂದಿದ್ದವರು ನಿವೃತ್ತರಾದಂತೆ ಹಿಂದಿನವರು ಮೇಲೇರುತ್ತಾರೆ.

ಅಮೆರಿಕದ ನಗರ ಸಾರಿಗೆಯಲ್ಲಿ ಈ ಸರದಿಗೆ ಬಹಳ ಬೆಲೆ. ವರ್ಷದಲ್ಲಿ ಕೆಲವು ಸಲ ಎಲ್ಲ ಡ್ಯೂಟಿಗಳ ಪಟ್ಟಿಯನ್ನು ಗೋಡೆಗೆ ಹಚ್ಚುತ್ತಾರೆ. ಅತ್ಯಂತ ಹಿರಿಯ ಚಾಲಕ ಮೊದಲು ಬಂದು ತನಗೆ ಬೇಕಾದ ಡ್ಯೂಟಿ ಆರಿಸಿಕೊಳ್ಳುತ್ತಾನೆ, ನಂತರ ಎರಡನೆಯವನು, ಹೀಗೆ ಕೊನೆಯವರೆಗೂ. ನ್ಯೂಯಾರ್ಕಿನಲ್ಲಿ ಇದನ್ನು ‘ಪಿಕ್’ ಎನ್ನುತ್ತಾರೆ, ಲಾಸ್ ಏಂಜಲಿಸ್‌ನಲ್ಲಿ ‘ಶೇಕ್‌-ಅಪ್’. ಭಾನುವಾರ ರಜೆಯಿರುವ ಬೆಳಗಿನ ಡ್ಯೂಟಿ ಹಿರಿಯರಿಗೆ. ಬೆಳಿಗ್ಗೆ ನಾಲ್ಕು ತಾಸು, ಸಂಜೆ ನಾಲ್ಕು ತಾಸು ಎಂದು ದಿನವನ್ನೇ ಎರಡು ತುಂಡು ಮಾಡುವ ಡ್ಯೂಟಿ ಕಿರಿಯರಿಗೆ.

ಅರ್ಥಶಾಸ್ತ್ರಜ್ಞರು ಈ ಹಂಚಿಕೆಯ ಕ್ರಮಕ್ಕೆ ಇಟ್ಟಿರುವ ಹೆಸರು ಕೇಳಿದರೆ ಗಾಬರಿಯಾಗಬೇಕು: ‘ಸರಣಿ ಸರ್ವಾಧಿಕಾರ’. ಸರದಿ ಬಂದಾಗ ಪ್ರತಿಯೊಬ್ಬನೂ ಕ್ಷಣಹೊತ್ತು ಸರ್ವಾಧಿಕಾರಿ ಎಂಬ ಅರ್ಥದಲ್ಲಿ. ಇದರ ಎರಡು ಗುಣಗಳನ್ನು ಗಣಿತದಿಂದ ಸಾಧಿಸಿ ತೋರಿಸಬಹುದು. ಒಂದು, ಇಲ್ಲಿ ಸುಳ್ಳು ಹೇಳಿ ಲಾಭವಿಲ್ಲ. ನಿಮ್ಮ ಸರದಿ ಬಂದಾಗ ಉಳಿದಿರುವುದರಲ್ಲಿ ನಿಜವಾಗಿ ಇಷ್ಟವಾದದ್ದನ್ನು ತೆಗೆದುಕೊಳ್ಳುವುದೇ ಜಾಣತನ. ಎರಡು, ಹಂಚಿಕೆ ಮುಗಿದ ಮೇಲೆ ಇಬ್ಬರು ಡ್ಯೂಟಿ ಬದಲಾಯಿಸಿಕೊಂಡು ಇಬ್ಬರಿಗೂ ಲಾಭವಾಗುವ ಸಾಧ್ಯತೆ ಉಳಿಯುವುದಿಲ್ಲ, ಏಕೆಂದರೆ ಮುಂದಿದ್ದವನಿಗೆ ಹಿಂದಿನವನ ಡ್ಯೂಟಿ ಹೆಚ್ಚು ಇಷ್ಟವಿದ್ದಿದ್ದರೆ ಆಗಲೇ ಅದನ್ನು ಎತ್ತಿಕೊಂಡಿರುತ್ತಿದ್ದ. ಮೀಸಲಾತಿಯ ವಿಂಗಡಣೆಗಳನ್ನು ಬದಿಗಿಟ್ಟು ನೋಡಿದರೆ ನಮ್ಮ ಸಿಇಟಿ ಸೀಟು ಹಂಚಿಕೆಯ ತಿರುಳೂ ಇದೇ. ಅಲ್ಲಿ ಸರದಿ ನಿಗದಿಯಾಗುವುದು ರ್‍ಯಾಂಕಿನಿಂದ, ಇಲ್ಲಿ ಸೇರಿದ ದಿನಾಂಕದಿಂದ. ಆಯ್ಕೆ ತುಂಬುವಾಗ ‘ಸಿಗದ ಕಾಲೇಜನ್ನು ಮೇಲೆ ಹಾಕಿದರೆ ಸಿಗುವುದೂ ಹೋದೀತು’ ಎಂದು ಹೆದರುವ ತಂದೆತಾಯಂದಿರಿಗೆ ಈ ಮೊದಲ ಗುಣವನ್ನು ಯಾರಾದರೂ ವಿವರಿಸಿ ಹೇಳಬೇಕು.

ಆದರೆ ಗಣಿತ ಇಷ್ಟನ್ನೇ ಹೇಳುತ್ತದೆ. ಸರದಿ ನ್ಯಾಯವಾದದ್ದೇ ಎಂಬ ಪ್ರಶ್ನೆಗೆ ಅದು ಕೈ ಹಾಕುವುದಿಲ್ಲ. ಒಂದೇ ದಿನ ಕೆಲಸಕ್ಕೆ ಸೇರಿದ ಇಪ್ಪತ್ತು ಜನರಲ್ಲಿ ಯಾರು ಹಿರಿಯ? ಕೆಲವು ಕಡೆ ಚೀಟಿ ಎತ್ತುತ್ತಾರೆ, ಕೆಲವು ಒಪ್ಪಂದಗಳಲ್ಲಿ ಹುಟ್ಟಿದ ದಿನಾಂಕ ನೋಡುತ್ತಾರೆ, ಇನ್ನು ಕೆಲವೆಡೆ ಅಮೆರಿಕದ ಸೋಷಿಯಲ್ ಸೆಕ್ಯುರಿಟಿ ನಂಬರಿನ ಕೊನೆಯ ಅಂಕಿಗಳನ್ನು ಹೋಲಿಸುತ್ತಾರೆ. ಗುರುತಿಗೆಂದು ಕೊಟ್ಟ ಅರ್ಥವಿಲ್ಲದ ನಂಬರು ಹೀಗೆ ಒಬ್ಬನ ಮೂವತ್ತು ವರ್ಷಗಳ ಭಾನುವಾರಗಳನ್ನು ತೀರ್ಮಾನಿಸಿಬಿಡುತ್ತದೆ. ಎರಡು ಸಂಸ್ಥೆಗಳು ಒಂದಾದಾಗ ಇನ್ನೊಂದು ಜಗಳ: ಎರಡೂ ಪಟ್ಟಿಗಳನ್ನು ದಿನಾಂಕದ ಪ್ರಕಾರ ಹೆಣೆಯಬೇಕೋ, ಹೊಸಬರನ್ನೆಲ್ಲ ಹಳಬರ ಬಾಲಕ್ಕೆ ಕಟ್ಟಬೇಕೋ?

ಇದಕ್ಕಿಂತ ಕೆಟ್ಟ ಬಳಕೆಯೂ ನಡೆದಿದೆ. ಅಮೆರಿಕದ ರೈಲುಗಳಲ್ಲಿ ಉಗಿಯಂತ್ರಕ್ಕೆ ಬೆಂಕಿ ಹಾಕುವ ಕೆಲಸದಲ್ಲಿ ಕಪ್ಪು ಜನ ಬಹಳ ಮಂದಿಯಿದ್ದರು. ಬಿಳಿಯರದ್ದೇ ಆದ ಸಂಘ ರೈಲು ಕಂಪನಿಗಳೊಡನೆ ಒಪ್ಪಂದ ಮಾಡಿಕೊಂಡು ಅವರ ಹಿರಿತನವನ್ನು ಕಡೆಗಣಿಸಿತು. ಬೆಸ್ಟರ್ ವಿಲಿಯಂ ಸ್ಟೀಲ್ ಎಂಬ ಕಾರ್ಮಿಕ ನ್ಯಾಯಾಲಯಕ್ಕೆ ಹೋದರು. 1944ರ ಡಿಸೆಂಬರಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಸದಸ್ಯರಾಗಲಿ ಅಲ್ಲದಿರಲಿ ಆ ಕೆಲಸದ ಎಲ್ಲರನ್ನೂ ಸಂಘ ಭೇದವಿಲ್ಲದೆ ಪ್ರತಿನಿಧಿಸಬೇಕು ಎಂದು ತೀರ್ಪು ಕೊಟ್ಟಿತು.

ಆರ್ಥರ್ ವಿನ್‌ಸ್ಟನ್ ಅವರ ಬದುಕನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. 1906ರ ಮಾರ್ಚ್ 22ರಂದು ಒಕ್ಲಹೋಮದಲ್ಲಿ ಹುಟ್ಟಿದ ಈ ಕಪ್ಪು ವರ್ಣೀಯ 1924ರಲ್ಲಿ ಲಾಸ್ ಏಂಜಲಿಸ್‌ನ ಸಾರಿಗೆಯಲ್ಲಿ ಬೋಗಿ ತೊಳೆಯುವ ಕೆಲಸಕ್ಕೆ ಸೇರಿದರು. ನಾಲ್ಕು ವರ್ಷಕ್ಕೆ ಬಿಟ್ಟರು, 1934ರಲ್ಲಿ ಮರಳಿ ಬಂದರು. ಅಲ್ಲಿಂದ 2006ರವರೆಗೆ, 72 ವರ್ಷ, ಅಲ್ಲೇ ದುಡಿದರು. ಅವರಿಗೆ ಚಾಲಕನಾಗುವ ಆಸೆಯಿತ್ತು, ಆ ಕಾಲದಲ್ಲಿ ಕಪ್ಪು ಜನರಿಗೆ ಆ ಕೆಲಸ ಕೊಡುತ್ತಿರಲಿಲ್ಲ. ಈ 72 ವರ್ಷಗಳಲ್ಲಿ ಅವರು ಹಾಕಿದ್ದು ಒಂದು ದಿನದ ರಜೆ. 1988ರಲ್ಲಿ ಹೆಂಡತಿ ತೀರಿಕೊಂಡಾಗ. 1996ರಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ಅವರಿಂದ ‘ಶತಮಾನದ ನೌಕರ’ ಎಂಬ ಗೌರವ ಬಂತು. ಮರುವರ್ಷ ಅವರು ಕೆಲಸ ಮಾಡುತ್ತಿದ್ದ ಬಸ್ ಡಿಪೊಗೇ ಅವರ ಹೆಸರಿಟ್ಟರು. ನೂರನೇ ಹುಟ್ಟುಹಬ್ಬದ ದಿನ ನಿವೃತ್ತರಾಗಿ, ಮೂರು ವಾರ ಕಳೆದು 2006ರ ಏಪ್ರಿಲ್ 13ರಂದು ತೀರಿಕೊಂಡರು.

ಅವರು ಅಲ್ಲಿದ್ದಷ್ಟು ಕಾಲ ಸಂಸ್ಥೆಯೇ ಉಳಿಯಲಿಲ್ಲ. 1945ರಲ್ಲಿ ಆ ನಗರದ ಟ್ರಾಮ್ ಕಂಪನಿಯ ಒಡೆತನವೂ ಹೆಸರೂ ಬದಲಾದವು. 1958ರಲ್ಲಿ ಸಾರ್ವಜನಿಕ ಪ್ರಾಧಿಕಾರವೊಂದು ಅದನ್ನು ಕೊಂಡಿತು. 1963ರಲ್ಲಿ ಕೊನೆಯ ಟ್ರಾಮ್ ಓಡಿತು. 1964ರಲ್ಲಿ ಇನ್ನೊಂದು ಹೊಸ ಸಂಸ್ಥೆ, 1993ರಲ್ಲಿ ಮತ್ತೊಂದು. ಯುವಕನಾಗಿ ಅವರು ತೊಳೆದ ಬೋಗಿಗಳೆಲ್ಲ ಗುಜರಿಗೋ ಮ್ಯೂಸಿಯಂಗೋ ಹೋಗಿದ್ದವು. ಊರಿನಲ್ಲಿ ಟ್ರಾಮ್ ಹೋಗಿ ಬರೀ ಬಸ್ಸಾಗಿ, 1990ರಲ್ಲಿ ಮತ್ತೆ ರೈಲು ಬಂತು. ಇಷ್ಟೆಲ್ಲದರ ನಡುವೆ ಒಬ್ಬನ ಸೇವೆಯ ಲೆಕ್ಕವನ್ನು ಕಡಿಯದೆ ಒಂದು ದಫ್ತರದಿಂದ ಇನ್ನೊಂದಕ್ಕೆ ದಾಟಿಸುತ್ತ ಬಂದ ಗುಮಾಸ್ತರ ಹೆಸರು ಎಲ್ಲೂ ಇಲ್ಲ. ಹಿರಿತನದ ಪಟ್ಟಿಗಳು ಕೆಲಸದ ಬಗೆಗೆ ತಕ್ಕಂತೆ ಬೇರೆಬೇರೆ ಎಂಬುದನ್ನೂ ನೆನಪಿಡಬೇಕು. ಒಂದು ಪಟ್ಟಿಯ ತುದಿಗೇರಿದವನು ಇನ್ನೊಂದು ಪಟ್ಟಿಗೆ ಹೋದರೆ ಅಲ್ಲಿ ಕೊನೆಯವನು. ನನ್ನ ತೀರ್ಮಾನ ಇದು: ಸರದಿಯ ನಂಬರು ಸಾಲಿನಲ್ಲಿ ಇರುವವರ ನಡುವೆ ಮಾತ್ರ ನ್ಯಾಯ ಮಾಡಬಲ್ಲದು. ಸಾಲಿಗೇ ಬಿಟ್ಟುಕೊಳ್ಳದವರಿಗೆ ಅದರಿಂದ ಏನೂ ಸಿಗದು.

ಕೊನೆಗೆ ರೈಲು ಹತ್ತುವವರಿಗೆ ಒಂದು ವಿನಂತಿ. ಟಿಕೆಟ್ಟಿನಲ್ಲಿರುವ ಎಸ್4, ಬಿ2 ಎಂಬುದು ಆ ದಿನ ಆ ರೈಲಿನಲ್ಲಿ ಬೋಗಿಗೆ ಸಿಕ್ಕ ಸ್ಥಾನ, ಬೋಗಿಯ ಗುರುತಲ್ಲ. ನಾಳೆ ಅದೇ ಬೋಗಿ ಎಸ್7 ಆಗಿ ಬೇರೆ ಊರಿಗೆ ಹೊರಟಿರಬಹುದು. ಫ್ಯಾನು ತಿರುಗುತ್ತಿಲ್ಲ, ಬರ್ತಿನ ಸರಪಳಿ ಕಿತ್ತಿದೆ ಎಂದು 139ಕ್ಕೆ ಫೋನು ಮಾಡುವಾಗ ಅಥವಾ ‘ರೈಲ್ ಮದದ್’ನಲ್ಲಿ ದೂರು ಬರೆಯುವಾಗ, ಬೋಗಿಯ ಗೋಡೆಯ ಮೇಲಿರುವ ಐದು ಅಥವಾ ಆರಂಕಿಯ ನಂಬರನ್ನೂ ಅದರ ಜೊತೆಗಿರುವ ವಲಯದ ಅಕ್ಷರಗಳನ್ನೂ ಸೇರಿಸಿ ಕೊಡಿ.